ಲೆಕ್ಕ ಕೇಳಿದ ವರ್ತಕ: ಜೇಮ್ಸ್ ವಿಲ್ಸನ್

ಕವಿಗಳ, ಸಂತರ, ವೀರರ ಚರಿತ್ರೆಗಳನ್ನು ನಾವು ಆದರದಿಂದ ಓದುತ್ತೇವೆ. ತೆರಿಗೆ ಹಾಕಿದವನ ಚರಿತ್ರೆಯನ್ನು ಕೇಳುವ ಕುತೂಹಲ ಯಾರಿಗಿದ್ದೀತು? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ನಮ್ಮ ಜನ ಬಹುಕಾಲದ ಅನುಭವದಿಂದ ಕಂಡುಕೊಂಡ ಸತ್ಯ. ಆದರೆ ಆ ಸುಂಕದವನ ಸುಖದುಃಖವನ್ನು ವಿಚಾರಿಸಿದವರೂ ಕಡಮೆ. ೧೮೬೦ರಲ್ಲಿ ಬ್ರಿಟಿಷ್ ಇಂಡಿಯಾದ ವರ್ತಕರ ಮೇಲೆ ಆದಾಯ ತೆರಿಗೆಯನ್ನು ಹೊರಿಸಿದ ಜೇಮ್ಸ್ ವಿಲ್ಸನ್ ಎಂಬಾತನು ತಾನೂ ಒಂದು ಕಾಲಕ್ಕೆ ವರ್ತಕನಾಗಿದ್ದವನು; ಗಳಿಸಿದ ಐಶ್ವರ್ಯವನ್ನು ಒಂದೇ ವ್ಯಾಪಾರದಲ್ಲಿ ಕಳೆದುಕೊಂಡು, ಸಾಲ ಕೊಟ್ಟವರಿಗೆ ಲೆಕ್ಕ ಒಪ್ಪಿಸಬೇಕಾಗಿ ಬಂದವನು. ಅವನ ಬಾಳನ್ನು ಅರಿತರೆ ಅವನ ಕಾಯಿದೆಯ ಗುಣವೂ ದೋಷವೂ ನಮಗೆ ಇನ್ನಷ್ಟು ತಿಳಿಯಾಗುತ್ತವೆ.

ಕನ್ನಡವನ್ನು ಬೋಧಿಸುವ ನನಗೆ ಈ ವಿಷಯದ ಗೋಜೇಕೆ ಎಂದು ವಾಚಕರು ಕೇಳಿದರೆ ತಪ್ಪಲ್ಲ. ತರಗತಿಯಲ್ಲಿ ಶಾಸನಗಳನ್ನು ಓದಿಸುವಾಗ ಪೆರ್ಜುಂಕ, ವಡ್ಡರಾವುಳ, ಸಿದ್ಧಾಯ, ಮಗ್ಗದೆರೆ, ಗಾಣದೆರೆ ಎಂಬ ಮಾತುಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಅಯ್ಯಾವೊಳೆಯ ಐನೂರ್ವರು ತಮ್ಮ ಸರಕಿನ ಮೇಲಿನ ಆಯವನ್ನು ದೇವಾಲಯಗಳಿಗೆ ಬಿಟ್ಟುಕೊಟ್ಟ ದತ್ತಿಗಳೂ ಕಣ್ಣಿಗೆ ಬೀಳುತ್ತವೆ. ವ್ಯಾಪಾರ ಕಸುಬುಗಳ ಮೇಲಿನ ಈ ತೆರಿಗೆಗಳಲ್ಲಿ ನಾನು ಕಂಡ ಒಂದು ಸಮಾನ ಗುಣವೆಂದರೆ, ಅವು ಬಹುಮಟ್ಟಿಗೆ ಕಣ್ಣಿಗೆ ಕಾಣುವ ವಸ್ತುಗಳ ಮೇಲಿನವು. ಎತ್ತಿನ ಹೇರು ಎಷ್ಟು, ಮಗ್ಗ ಎಷ್ಟು, ಗಾಣ ಎಷ್ಟು ಎಂದು ಎಣಿಸಬಹುದು. ಖರ್ಚೆಲ್ಲ ಕಳೆದು ವರ್ಷದ ಕೊನೆಗೆ ವರ್ತಕನ ಕೈಯಲ್ಲಿ ಉಳಿದುದೆಷ್ಟು ಎಂಬುದನ್ನು ಹಾಗೆ ಎಣಿಸಲಾಗದು. ವಿಲ್ಸನ್ನನು ಕೇಳಿದ್ದು ಅದನ್ನೇ. ಕಣ್ಣಿಗೆ ಕಾಣದ ಲಾಭವನ್ನು ಲೆಕ್ಕದ ಪುಸ್ತಕದಿಂದ ಹೊರತೆಗೆಯಬಹುದೆಂದು ಅವನು ನಂಬಿದ್ದನು. ಆ ನಂಬಿಕೆ ಯಾವ ಮಣ್ಣಿನಲ್ಲಿ ಬೆಳೆಯಿತು, ನಮ್ಮ ಮಣ್ಣಿಗೆ ಬಂದು ಏನಾಯಿತು ಎಂಬುದೇ ಈ ಲೇಖನದ ವಿಷಯ.

೧೮೦೫ನೆಯ ಇಸವಿ ಜೂನ್ ೩ರಂದು ಸ್ಕಾಟ್ಲೆಂಡಿನ ಗಡಿನಾಡಿನಲ್ಲಿರುವ ಹಾಯಿಕ್ ಎಂಬ ಊರಿನಲ್ಲಿ ವಿಲ್ಸನ್ನನು ಹುಟ್ಟಿದನು. ತಂದೆ ಉಣ್ಣೆಯ ಬಟ್ಟೆ ತಯಾರಿಸುತ್ತಿದ್ದ ಅನುಕೂಲಸ್ಥ. ಮನೆ ತುಂಬ ಮಕ್ಕಳು. ಕುಟುಂಬವು ಕ್ವೇಕರ್ ಪಂಥಕ್ಕೆ ಸೇರಿದುದು. ಆಡಂಬರವಿಲ್ಲದ ಬದುಕು, ಆಣೆ ಇಡಬೇಕಾಗಿಲ್ಲದಷ್ಟು ನೇರವಾದ ಮಾತು, ವ್ಯಾಪಾರದಲ್ಲಿ ಕಟ್ಟುನಿಟ್ಟಾದ ಪ್ರಾಮಾಣಿಕತೆ, ಇವು ಆ ಪಂಥದವರ ಲಕ್ಷಣಗಳು. ಹುಡುಗನು ಮೊದಲು ಉಪಾಧ್ಯಾಯನಾಗಬೇಕೆಂದು ಆಸೆಪಟ್ಟನು. ಅದರ ರುಚಿ ಕಂಡ ಮೇಲೆ, ಪಾಠ ಹೇಳುವುದಕ್ಕಿಂತ ತಂದೆಯ ಕಾರಖಾನೆಯಲ್ಲಿ ಕೀಳು ಆಳಾಗಿರುವುದೇ ಲೇಸೆಂದು ಮನೆಗೆ ಬರೆದನು. ಉಪಾಧ್ಯಾಯರಾದ ನಾವು ಇದನ್ನು ನಕ್ಕು ಕ್ಷಮಿಸಬಹುದು. ವಕೀಲನಾಗುವ ಬಯಕೆಯೂ ಅವನಿಗೆ ಇತ್ತು. ಪಂಥದ ನಿಯಮ ಅದಕ್ಕೆ ಅಡ್ಡ ಬಂದಿತು. ಹದಿನಾರನೆಯ ವಯಸ್ಸಿನಲ್ಲಿ ಅವನು ಟೋಪಿ ತಯಾರಿಸುವವನ ಬಳಿ ಕೆಲಸ ಕಲಿಯಲು ಸೇರಿದನು. ೧೮೨೪ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಅಣ್ಣನೊಡನೆ ಲಂಡನ್ನಿಗೆ ಹೋಗಿ ತಂದೆ ಕೊಟ್ಟ ಬಂಡವಾಳದಿಂದ ಪಾಲುದಾರಿಕೆಯ ವ್ಯಾಪಾರವನ್ನು ತೆರೆದನು. ೧೮೩೧ರಲ್ಲಿ ಆ ಪಾಲುದಾರಿಕೆ ಮುಗಿದಾಗ ತನ್ನದೇ ಹೆಸರಿನಲ್ಲಿ ವ್ಯಾಪಾರವನ್ನು ಮುಂದುವರಿಸಿದನು. ಮರು ವರ್ಷ ಮದುವೆಯಾಯಿತು. ಕಾಲಕ್ರಮದಲ್ಲಿ ಆರು ಮಂದಿ ಹೆಣ್ಣು ಮಕ್ಕಳಾದರು. ಮೂವತ್ತರ ಹೊತ್ತಿಗೆ ಅವನು ಸುಮಾರು ೨೫,೦೦೦ ಪೌಂಡುಗಳ ಒಡೆಯನಾಗಿದ್ದನು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ.

ಆಗ ಬಂದುದು ನೀಲಿಯ ಮೋಹ. ಬಟ್ಟೆಗೆ ಬಣ್ಣ ಕಟ್ಟುವ ನೀಲಿ ಆ ದಿನಗಳಲ್ಲಿ ಹೆಚ್ಚಾಗಿ ಬಂಗಾಳದಿಂದ ಲಂಡನ್ನಿಗೆ ಹೋಗುತ್ತಿತ್ತು. ಅದರ ಬೆಲೆ ಏರುವುದೆಂದು ಎಣಿಸಿ ವಿಲ್ಸನ್ನನು ೧೮೩೬ರ ಸುಮಾರಿಗೆ ಅದರಲ್ಲಿ ಬಲವಾಗಿ ಹಣ ತೊಡಗಿಸಿದನು. ಬೆಲೆ ಏರಲಿಲ್ಲ. ಹನ್ನೆರಡು ವರ್ಷಗಳ ದುಡಿಮೆಯ ಫಲ ಬಹುಮಟ್ಟಿಗೆ ಅಳಿಸಿಹೋಯಿತು. ವ್ಯಾಪಾರದ ಮನೆ ದಿವಾಳಿಯ ಅಂಚಿಗೆ ಬಂದಿತು. ಸಾಲ ಕೊಟ್ಟವರೊಡನೆ ಒಪ್ಪಂದ ಮಾಡಿಕೊಂಡು ತನ್ನ ಆಸ್ತಿಯನ್ನು ಅವರಿಗೆ ಒಪ್ಪಿಸಿ ಅವನು ಋಣದಿಂದ ಬಿಡುಗಡೆ ಪಡೆದನು. ಕೆಲವು ವರ್ಷಗಳಾದ ಮೇಲೆ, ಹಾಗೆ ಒಪ್ಪಿಸಿದ ಆಸ್ತಿ ನಿರೀಕ್ಷಿಸಿದಷ್ಟು ಹಣ ತರಲಿಲ್ಲವೆಂದು ತಿಳಿದಾಗ, ಕಾನೂನಿನ ಯಾವ ಒತ್ತಾಯವೂ ಇಲ್ಲದೆ ಕೊರತೆಯನ್ನು ಕೈಯಿಂದ ತುಂಬಿಕೊಟ್ಟನು. ಸಾಲ ಕೊಟ್ಟವನ ಪುಸ್ತಕದಲ್ಲಿ ಮುಗಿದ ಲೆಕ್ಕ ಅವನ ಮನಸ್ಸಿನಲ್ಲಿ ಮುಗಿದಿರಲಿಲ್ಲ. ವಿಲ್ಸನ್ನನ ಸ್ವಭಾವದಲ್ಲಿ ನಾನು ಹೆಚ್ಚು ಮೆಚ್ಚುವ ಸಂಗತಿ ಇದು. ಮುಂದೆ ಅವನು ಭಾರತದ ವರ್ತಕರಿಂದ ನಿರೀಕ್ಷಿಸಿದ್ದೂ ಇದನ್ನೇ. ಅವರು ತನ್ನಂತೆಯೇ ಪುಸ್ತಕವನ್ನು ತಾವಾಗಿ ತೆರೆದಾರೆಂದು ಅವನು ಎಣಿಸಿದ್ದನು.

ನಷ್ಟವು ಅವನನ್ನು ಲೇಖಕನನ್ನಾಗಿ ಮಾಡಿತು. ೧೮೩೯ರಲ್ಲಿ ಧಾನ್ಯದ ಆಮದಿನ ಮೇಲಿನ ಸುಂಕದ ಕಾಯಿದೆಗಳನ್ನು ಕುರಿತು, ಮರು ವರ್ಷ ನಾಣ್ಯ ವ್ಯಾಪಾರಗಳ ಏರಿಳಿತವನ್ನು ಕುರಿತು, ೧೮೪೧ರಲ್ಲಿ ಸರ್ಕಾರದ ವರಮಾನವನ್ನು ಕುರಿತು ಪುಸ್ತಕಗಳನ್ನು ಬರೆದನು. ೧೮೪೩ರ ಸೆಪ್ಟೆಂಬರಿನಲ್ಲಿ ‘ದಿ ಎಕನಾಮಿಸ್ಟ್’ ವಾರಪತ್ರಿಕೆ ಹೊರಬಂದಿತು. ಮೊದಮೊದಲು ಅದರ ಬಹುಭಾಗವನ್ನು ಅವನೇ ಬರೆಯುತ್ತಿದ್ದನು. ಅವನ ಬರವಣಿಗೆಯಲ್ಲಿ ಅಲಂಕಾರವಿಲ್ಲ. ಅಂಕಿಗಳಿವೆ, ಅಂಕಿಗಳಿಂದ ಹೊರಟ ತರ್ಕವಿದೆ. ಸುಂಕಗಳು ಕಡಮೆಯಾಗಲಿ, ವ್ಯಾಪಾರ ತಡೆಯಿಲ್ಲದೆ ನಡೆಯಲಿ ಎಂಬುದು ಅವನ ಸಿದ್ಧಾಂತ. ೧೮೪೬ರಲ್ಲಿ ಧಾನ್ಯ ಸುಂಕದ ಕಾಯಿದೆಗಳು ರದ್ದಾದುವು. ಇದೇ ಸಿದ್ಧಾಂತದ ಕರಾಳ ಮುಖವನ್ನೂ ಮರೆಯಬಾರದು. ಐರ್ಲೆಂಡಿನ ಜನ ಕ್ಷಾಮದಿಂದ ಸಾಯುತ್ತಿದ್ದಾಗ ಸರ್ಕಾರ ಕೈಯಿಕ್ಕಿ ಅನ್ನ ಹಂಚುವುದನ್ನು ಅವನ ಪತ್ರಿಕೆ ವಿರೋಧಿಸಿತು. ಲೆಕ್ಕದಲ್ಲಿ ನಿಷ್ಠೆಯಿರುವವನಿಗೆ ಲೆಕ್ಕಕ್ಕೆ ಸಿಗದ ಸಂಕಟ ಕಾಣದೆ ಹೋಗುವುದುಂಟು.

೧೮೪೭ರಲ್ಲಿ ಅವನು ಪಾರ್ಲಿಮೆಂಟಿನ ಸದಸ್ಯನಾದನು. ಮರು ವರ್ಷದಿಂದ ೧೮೫೨ರವರೆಗೆ ಇಂಡಿಯಾದ ಆಡಳಿತವನ್ನು ಲಂಡನ್ನಿನಿಂದ ನೋಡಿಕೊಳ್ಳುತ್ತಿದ್ದ ಮಂಡಲಿಯ ಕಾರ್ಯದರ್ಶಿಗಳಲ್ಲಿ ಒಬ್ಬನಾಗಿದ್ದು, ೧೮೫೩ರಿಂದ ಐದು ವರ್ಷ ಖಜಾನೆಯ ಹಣಕಾಸು ಕಾರ್ಯದರ್ಶಿಯಾಗಿದ್ದನು. ೧೮೫೩ರಲ್ಲಿಯೇ ಇಂಡಿಯಾ, ಆಸ್ಟ್ರೇಲಿಯಾ, ಚೀನಾಗಳ ವ್ಯಾಪಾರಕ್ಕಾಗಿ ಚಾರ್ಟರ್ಡ್ ಬ್ಯಾಂಕನ್ನು ಸ್ಥಾಪಿಸಿದನು. ಹೀಗೆ ಪಾಲುದಾರಿಕೆಯ ಅಂಗಡಿ, ಪತ್ರಿಕೆ, ರಾಜಸನದು ಪಡೆದ ಬ್ಯಾಂಕು, ಸರ್ಕಾರದ ಬೊಕ್ಕಸ ಈ ನಾಲ್ಕರ ಲೆಕ್ಕವನ್ನೂ ಬಲ್ಲವನಾಗಿ ಅವನು ಐವತ್ತನ್ನು ದಾಟಿದನು.

ಇಷ್ಟರಲ್ಲಿ ಭಾರತದಲ್ಲಿ ೧೮೫೭ರ ದಂಗೆ ಎದ್ದು ಅಡಗಿತ್ತು. ಅದನ್ನು ಅಡಗಿಸಲು ಮಾಡಿದ ವೆಚ್ಚ ಆಡಳಿತದ ಬೆನ್ನು ಮುರಿದಿತ್ತು. ಮೂರು ವರ್ಷಗಳ ಕೊರತೆ ೩ ಕೋಟಿ ಪೌಂಡುಗಳನ್ನು ಮೀರಿತ್ತು. ಸಾಲಕ್ಕೆ ೩ ಕೋಟಿ ೮೦ ಲಕ್ಷ ಪೌಂಡುಗಳಿಗೂ ಹೆಚ್ಚು ಕೂಡಿಕೊಂಡಿತ್ತು. ಈ ಅವ್ಯವಸ್ಥೆಯನ್ನು ಸರಿಪಡಿಸಲು ವೈಸರಾಯನ ಮಂಡಲಿಗೆ ಹಣಕಾಸಿನ ಸದಸ್ಯನಾಗಿ ವಿಲ್ಸನ್ನನನ್ನು ಆರಿಸಲಾಯಿತು. ಪತ್ರಿಕೆಯ ಹೊಣೆಯನ್ನು ಅಳಿಯ ವಾಲ್ಟರ್ ಬ್ಯಾಜಟನಿಗೆ ವಹಿಸಿ, ೧೮೫೯ರ ನವೆಂಬರಿನ ಕೊನೆಗೆ ಅವನು ಕಲ್ಕತ್ತೆಯನ್ನು ತಲಪಿದನು. ವಿಧಿಯ ವಿನೋದವನ್ನು ನೋಡಿ: ಬಂಗಾಳದ ರೈತರು ನೀಲಿ ಬಿತ್ತಲಾರೆವೆಂದು ತೋಟದ ದೊರೆಗಳಿಗೆ ಎದುರು ನಿಂತಿದ್ದ ಕಾಲ ಅದು. ಲಂಡನ್ನಿನ ಮಾರುಕಟ್ಟೆಯಲ್ಲಿ ವಿಲ್ಸನ್ನನನ್ನು ಮುಳುಗಿಸಿದ ಆ ಬಣ್ಣ ಬಂಗಾಳದ ಹಳ್ಳಿಗಳಲ್ಲಿ ಎಷ್ಟು ಮನೆಗಳನ್ನು ಮುಳುಗಿಸಿತ್ತೆಂಬುದನ್ನು ದೀನಬಂಧು ಮಿತ್ರರು ‘ನೀಲದರ್ಪಣ’ ನಾಟಕದಲ್ಲಿ ಬರೆದು ಪ್ರಕಟಿಸಿದ್ದೂ ೧೮೬೦ರಲ್ಲಿಯೇ.

೧೮೬೦ನೆಯ ಫೆಬ್ರವರಿ ೧೮ರಂದು ಅವನು ಕಲ್ಕತ್ತೆಯ ಶಾಸನಸಭೆಯ ಮುಂದೆ ಆಯವ್ಯಯದ ಪಟ್ಟಿಯನ್ನು ಮಂಡಿಸಿದನು. ಭಾರತದ ಬಜೆಟ್ಟಿನ ಚರಿತ್ರೆ ಆರಂಭವಾಗುವುದು ಅಲ್ಲಿಂದಲೇ. ಪರದೇಶದ ಈ ತೆರಿಗೆ ಇಲ್ಲಿನ ಸಂಪ್ರದಾಯಕ್ಕೆ ಹೊರತಲ್ಲವೆಂದು ತೋರಿಸಲು ಅವನು ಮನುವನ್ನೇ ಸಾಕ್ಷಿಗೆ ಕರೆದನು. ಕೊಂಡ ಬೆಲೆ, ಮಾರಿದ ಬೆಲೆ, ನಡೆದ ದಾರಿ, ಊಟದ ಖರ್ಚು, ಸರಕಿನ ಕಾವಲು ಎಲ್ಲವನ್ನೂ ಎಣಿಸಿ ವರ್ತಕನಿಂದ ಕರ ತೆಗೆಯಬೇಕೆಂಬ ವಿವೇಕ ಮನುಸ್ಮೃತಿಯಲ್ಲಿ ಇದೆಯೆಂಬುದು ನಿಜ. ಆದರೆ ಮನುವಿನ ಹೆಸರು ಕೇಳಿಬಂದ ಆ ಸಭೆಯಲ್ಲಿ ಭಾರತೀಯನೊಬ್ಬನೂ ಕುಳಿತಿರಲಿಲ್ಲ. ತೆರುವವನ ಮಾತಿಗೆ ಅಲ್ಲಿ ಸ್ಥಳವಿರಲಿಲ್ಲ.

ಯೋಜನೆ ಹೀಗಿತ್ತು: ವರ್ಷಕ್ಕೆ ೨೦೦ ರೂಪಾಯಿಗಿಂತ ಕಡಮೆ ಆದಾಯವಿದ್ದವರಿಗೆ ತೆರಿಗೆಯಿಲ್ಲ, ೨೦೦ರಿಂದ ೫೦೦ರವರೆಗೆ ನೂರಕ್ಕೆ ೨, ಅದರ ಮೇಲೆ ನೂರಕ್ಕೆ ೪. ಭೂಮಿಯ ಆದಾಯ, ಕಸುಬು ಮತ್ತು ವ್ಯಾಪಾರದ ಆದಾಯ, ಸಾಲಪತ್ರಗಳ ಬಡ್ಡಿ, ಸಂಬಳ ಮತ್ತು ವಿಶ್ರಾಂತಿ ವೇತನ ಎಂದು ನಾಲ್ಕು ಪಟ್ಟಿಗಳು. ಇದಲ್ಲದೆ ಕುಶಲಕರ್ಮಿಗಳಿಗೆ ೧ ರೂಪಾಯಿ, ಅಂಗಡಿಕಾರರಿಗೆ ೪, ದೊಡ್ಡ ವರ್ತಕರಿಗೂ ಸಾಹುಕಾರರಿಗೂ ೧೦ ರೂಪಾಯಿ ಲೈಸೆನ್ಸು. ಸರ್ಕಾರದ ಸಂಬಳಗಾರರೂ ತೆರಬೇಕು. ೧೭೯೩ರ ಶಾಶ್ವತ ಜಮಾಬಂದಿಯ ನೆರಳಿನಲ್ಲಿ ಹಾಯಾಗಿದ್ದ ಬಂಗಾಳದ ಜಮೀನುದಾರರೂ ತೆರಬೇಕು. ಹೊರೆಯೆಲ್ಲ ಬಡ ರೈತನ ಕಂದಾಯದ ಮೇಲೂ ಉಪ್ಪಿನ ಮೇಲೂ ಬೀಳುತ್ತಿದ್ದ ನಾಡಿನಲ್ಲಿ, ಉಳ್ಳವರೂ ಪಾಲು ಕೊಡಲಿ ಎಂಬ ಈ ತತ್ತ್ವವನ್ನು ಅನ್ಯಾಯವೆನ್ನಲಾಗದು.

ತತ್ತ್ವಕ್ಕಿಂತ ಕಷ್ಟವಾದುದು ಅದರ ಆಚರಣೆ. ನಮ್ಮ ಹಳೆಯ ವರ್ತಕರು ಲೆಕ್ಕ ಬರೆಯುತ್ತಿದ್ದ ಕಡತವನ್ನು ವಾಚಕರು ಪ್ರಾಚ್ಯವಸ್ತು ಸಂಗ್ರಹಗಳಲ್ಲಿ ಕಂಡಿರಬಹುದು. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಕಪ್ಪಾದ ಅದರ ಮೇಲೆ ಬಳಪದಿಂದ ಬರೆದು, ಮಡಿಸಿ ಇಡುತ್ತಿದ್ದರು. ಅದರಲ್ಲಿ ವ್ಯಾಪಾರದ ಲೆಕ್ಕವಿರುತ್ತಿತ್ತು. ಜೊತೆಗೆ ಮನೆಯ ಮಾನವೂ ಇರುತ್ತಿತ್ತು. ಯಾರಿಗೆ ಎಷ್ಟು ಸಾಲ, ಯಾರಿಂದ ಎಷ್ಟು ಬಾಕಿ, ಮಗಳ ಮದುವೆಗೆ ಎಷ್ಟು ಎಂಬುದು ಹೊರಗೆ ಬಿದ್ದರೆ ಪೇಟೆಯಲ್ಲಿ ಹೆಸರು ಹೋದಂತೆ. ಆದಾಯದ ವಿವರವನ್ನು ಬರೆದು ಒಪ್ಪಿಸಬೇಕೆಂದು ಕಾಯಿದೆ ಕೇಳಿದಾಗ ವರ್ತಕನು ಹೆದರಿದ್ದು ತೆರಬೇಕಾದ ನಾಲ್ಕು ರೂಪಾಯಿಗಲ್ಲ, ಪರರ ಕಣ್ಣಿಗೆ. ವಿವರ ಕೊಟ್ಟರೂ ಅಧಿಕಾರಿ ನಂಬುವನೆ? ನಂಬದಿದ್ದರೆ ಅಂದಾಜು ಯಾರದು? ಅಂಗಡಿಯ ಖರ್ಚು ಯಾವುದು, ಮನೆಯ ಖರ್ಚು ಯಾವುದು? ಮುಳುಗಿದ ಬಾಕಿಯನ್ನು ನಷ್ಟವೆಂದು ಬರೆಯಬಹುದೆ? ಇವು ಆಗ ಎದ್ದ ಪ್ರಶ್ನೆಗಳು. ವ್ಯಾಪಾರದ ತೆರಿಗೆ ಕಾನೂನಿನಲ್ಲಿ ಇಂದಿಗೂ ವ್ಯಾಜ್ಯಗಳು ಹುಟ್ಟುವುದು ಇವುಗಳಿಂದಲೇ.

ಪ್ರಬಲವಾದ ವಿರೋಧ ಬಂದುದು ಸರ್ಕಾರದ ಒಳಗಿನಿಂದ. ಮದರಾಸಿನ ಗವರ್ನರಾಗಿದ್ದ ಸರ್ ಚಾರ್ಲ್ಸ್ ಟ್ರೆವಿಲಿಯನ್ ಹಿಂದೆ ಲಂಡನ್ನಿನ ಖಜಾನೆಯಲ್ಲಿ ವಿಲ್ಸನ್ನನ ಜೊತೆಯಲ್ಲಿ ಕೆಲಸ ಮಾಡಿದ್ದವನು. ಬಳ್ಳಾರಿಯೂ ಕೆನರಾ ಸೀಮೆಯೂ ಆಗ ಮದರಾಸು ಪ್ರಾಂತದಲ್ಲಿದ್ದುದರಿಂದ ಕನ್ನಡಿಗರಲ್ಲಿ ಒಂದು ಭಾಗ ಅವನ ಆಳ್ವಿಕೆಯಲ್ಲಿತ್ತು. ಈ ತೆರಿಗೆ ಜನರಲ್ಲಿ ಅಸಮಾಧಾನವನ್ನು ಬೆಳೆಸುವುದೆಂದೂ, ಸೈನ್ಯದ ವೆಚ್ಚವನ್ನು ಇಳಿಸಿದರೆ ಅದರ ಅಗತ್ಯವೇ ಇಲ್ಲವೆಂದೂ ಅವನು ವಾದಿಸಿದನು. ವಾದಿಸಿದ್ದಲ್ಲದೆ ತನ್ನ ಅಭಿಪ್ರಾಯ ಪತ್ರಿಕೆಗಳಲ್ಲಿ ಬಹಿರಂಗವಾಗುವಂತೆ ಮಾಡಿದನು. ಮೇಲಿನ ಸರ್ಕಾರಕ್ಕೆ ಇದು ಸಹನೆಯಾಗಲಿಲ್ಲ. ೧೮೬೦ರಲ್ಲಿಯೇ ಅವನನ್ನು ಲಂಡನ್ನಿಗೆ ಹಿಂದಕ್ಕೆ ಕರೆಸಿಕೊಂಡರು. ಯಾರ ಪಕ್ಷ ಸರಿ? ಬೊಕ್ಕಸದ ಕೊರತೆ ನಿಜವೆಂಬುದರಲ್ಲಿ ವಿಲ್ಸನ್ನನು ಸರಿ. ಆದರೆ ಆ ಕೊರತೆ ಹುಟ್ಟಿದ್ದು ಪರರ ಆಳ್ವಿಕೆಯನ್ನು ಉಳಿಸಿಕೊಳ್ಳುವ ಯುದ್ಧದಿಂದ. ಅದರ ಬೆಲೆಯನ್ನು ತೆರಬೇಕಾದವರು ಆಳಿಸಿಕೊಂಡವರೇ. ಟ್ರೆವಿಲಿಯನ್ನನು ವೆಚ್ಚದ ಕಡೆಗೆ ಬೆರಳು ತೋರಿಸಿದನು; ಆ ಬೆರಳು ತಪ್ಪು ದಿಕ್ಕಿಗೆ ಚಾಚಿರಲಿಲ್ಲ.

ವಿಲ್ಸನ್ನನಿಗೆ ನ್ಯಾಯ ಸಲ್ಲಿಸಬೇಕಾದರೆ ಇನ್ನೊಂದು ಮಾತನ್ನು ಹೇಳಲೇಬೇಕು. ವರ್ತಕನ ಲೆಕ್ಕವನ್ನು ಕೇಳಿದಂತೆ ಅವನು ಸರ್ಕಾರದ ಲೆಕ್ಕವನ್ನೂ ಕೇಳಿದನು. ಪ್ರತಿ ಇಲಾಖೆಯೂ ವರ್ಷದ ವೆಚ್ಚವನ್ನು ಮುಂಚಿತವಾಗಿ ಅಂದಾಜು ಮಾಡಬೇಕು, ಮಂಜೂರಾದ ಮೇಲೆಯೇ ಖರ್ಚು ಮಾಡಬೇಕು, ಖರ್ಚಾದುದನ್ನು ಪರಿಶೋಧನೆಗೆ ಒಪ್ಪಿಸಬೇಕು ಎಂಬ ಪದ್ಧತಿಗೆ ಅವನು ಅಡಿಪಾಯ ಹಾಕಿದನು. ಸರ್ಕಾರವೇ ಕಾಗದದ ನೋಟುಗಳನ್ನು ಹೊರಡಿಸುವ ಯೋಜನೆಯನ್ನೂ ಸಿದ್ಧಪಡಿಸಿದನು. ಅದು ೧೮೬೧ರಲ್ಲಿ ಕಾಯಿದೆಯಾಯಿತು. ಅದನ್ನು ನೋಡಲು ಅವನು ಉಳಿಯಲಿಲ್ಲ. ಆದಾಯ ತೆರಿಗೆಯ ಕಾಯಿದೆಗೆ ಅಂಗೀಕಾರ ದೊರೆತುದು ೧೮೬೦ನೆಯ ಜುಲೈ ೨೪ರಂದು. ಮಳೆಗಾಲದ ಕಲ್ಕತ್ತೆಯಲ್ಲಿ ರಕ್ತಭೇದಿ ಅವನನ್ನು ಹಿಡಿಯಿತು. ಆಗಸ್ಟ್ ೧೧ರಂದು, ತನ್ನ ಕಾಯಿದೆಗೆ ಹದಿನೆಂಟು ದಿನ ತುಂಬಿದಾಗ, ಐವತ್ತೈದು ವರ್ಷದ ವಿಲ್ಸನ್ನನು ತೀರಿಕೊಂಡನು. ಭಾರತದಲ್ಲಿ ಅವನು ಇದ್ದುದು ಒಂಬತ್ತು ತಿಂಗಳಿಗೂ ಕಡಮೆ.

ಅವನು ನೆಟ್ಟ ಗಿಡ ನೇರವಾಗಿ ಬೆಳೆಯಲಿಲ್ಲ. ೨೦೦ರಿಂದ ೫೦೦ ರೂಪಾಯಿಯವರೆಗಿನ ಸಣ್ಣ ಆದಾಯದವರನ್ನು ೧೮೬೨ರಲ್ಲಿ ಬಿಟ್ಟುಬಿಟ್ಟರು. ಅವರ ಸಂಖ್ಯೆ ದೊಡ್ಡದು, ಅವರಿಂದ ಬಂದ ಹಣ ಸಣ್ಣದು. ಐದು ವರ್ಷದ ಅವಧಿ ಮುಗಿದು ೧೮೬೫ರಲ್ಲಿ ತೆರಿಗೆಯೇ ನಿಂತಿತು. ಆಗ ಹಣಕಾಸಿನ ಸದಸ್ಯನಾಗಿದ್ದವನು ಹಿಂದೆ ಅದನ್ನು ವಿರೋಧಿಸಿ ಪದವಿ ಕಳೆದುಕೊಂಡಿದ್ದ ಟ್ರೆವಿಲಿಯನ್ನನೇ! ಮುಂದೆ ತೆರಿಗೆ ಬೇರೆ ಬೇರೆ ಹೆಸರಿನಲ್ಲಿ ಬಂದಿತು, ಹೋಯಿತು. ೧೮೭೮ರಲ್ಲಿ ಸೂರತ್ತಿನ ವರ್ತಕರು ಲೈಸೆನ್ಸ್ ತೆರಿಗೆಯನ್ನು ಪ್ರತಿಭಟಿಸಿ ಅಂಗಡಿಗಳನ್ನು ಮುಚ್ಚಿದರು, ದೊಂಬಿಯೂ ಆಯಿತು. ೧೮೮೬ರ ಕಾಯಿದೆಯಿಂದ ಆದಾಯ ತೆರಿಗೆ ನಮ್ಮಲ್ಲಿ ನೆಲೆನಿಂತಿತು. ವ್ಯವಸಾಯದ ಆದಾಯವನ್ನು ಅದು ಹೊರಗಿಟ್ಟಿತು. ಕಂಪನಿಗಳ ಲಾಭಕ್ಕೆ ಪ್ರತ್ಯೇಕ ವರ್ಗವನ್ನು ಕಲ್ಪಿಸಿತು.

ಕಂಪನಿಯ ಪ್ರಶ್ನೆ ವರ್ತಕನ ಪ್ರಶ್ನೆಗಿಂತ ಜಟಿಲ. ವರ್ತಕನಿಗೆ ಹೆಸರಿದೆ, ಮನೆಯಿದೆ, ಮುಖವಿದೆ. ಕಂಪನಿ ಕಾನೂನು ಸೃಷ್ಟಿಸಿದ ವ್ಯಕ್ತಿ. ಅದರ ಲಾಭ ನಿಜವಾಗಿ ಯಾರದು? ಕಂಪನಿಯಿಂದ ಒಮ್ಮೆ, ಷೇರುದಾರನಿಂದ ಇನ್ನೊಮ್ಮೆ ತೆರಿಗೆ ತೆಗೆದರೆ ಒಂದೇ ಕಬ್ಬನ್ನು ಎರಡು ಸಲ ಗಾಣಕ್ಕೆ ಕೊಟ್ಟಂತಾಗುವುದಿಲ್ಲವೆ? ೧೯೨೨ರ ಕಾಯಿದೆ, ಕಂಪನಿ ತೆತ್ತುದನ್ನು ಷೇರುದಾರನ ಪರವಾಗಿ ತೆತ್ತುದೆಂದು ಎಣಿಸಿತು. ೧೯೫೯ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು. ೧೯೯೭ರಲ್ಲಿ ಲಾಭಾಂಶ ಹಂಚುವ ಕಂಪನಿಯ ಮೇಲೆಯೇ ಬೇರೊಂದು ತೆರಿಗೆ ಬಂದಿತು; ೨೦೨೦ರಲ್ಲಿ ಅದೂ ಹೋಗಿ, ಲಾಭಾಂಶದ ತೆರಿಗೆ ಪಡೆದವನ ತಲೆಗೆ ಬಂದಿತು. ನಷ್ಟದ ಕಥೆಯೂ ಹೀಗೆಯೇ. ಒಂದು ವರ್ಷ ಮುಳುಗಿದವನು ಮರು ವರ್ಷ ಅಲ್ಪಸ್ವಲ್ಪ ಗಳಿಸಿದರೆ ಅದನ್ನು ಲಾಭವೆನ್ನುವುದು ಹೇಗೆ? ಹಳೆಯ ನಷ್ಟವನ್ನು ಆರು ವರ್ಷದವರೆಗೆ ಮುಂದಕ್ಕೆ ಒಯ್ದು ಲಾಭದಲ್ಲಿ ಕಳೆಯುವ ಅವಕಾಶ ನಮ್ಮಲ್ಲಿ ಬಂದುದು ೧೯೩೯ರ ತಿದ್ದುಪಡಿಯಿಂದ. ನೀಲಿಯಲ್ಲಿ ಮುಳುಗಿ ಎದ್ದ ವಿಲ್ಸನ್ನನಿಗೆ ಇದರ ನ್ಯಾಯವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ೧೯೬೧ರ ಕಾಯಿದೆ ವರ್ಷವರ್ಷವೂ ತಿದ್ದುಪಡಿಗಳನ್ನು ಹೊತ್ತು ಬೆಳೆಯಿತು. ಅದರ ಸ್ಥಾನಕ್ಕೆ ೨೦೨೬ರ ಏಪ್ರಿಲ್ ೧ರಿಂದ ಜಾರಿಗೆ ಬರುವಂತೆ ಹೊಸ ಕಾಯಿದೆಯೊಂದನ್ನು ೨೦೨೫ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿತು.

ಕಲ್ಕತ್ತೆಯ ಮಲ್ಲಿಕ್ ಬಜಾರಿನ ಸ್ಮಶಾನದಲ್ಲಿ ಮರೆತುಹೋಗಿದ್ದ ವಿಲ್ಸನ್ನನ ಗೋರಿಯನ್ನು ೨೦೦೭ರಲ್ಲಿ ಹುಡುಕಿ ಗುರುತಿಸಿದವರು ಆದಾಯ ತೆರಿಗೆ ಇಲಾಖೆಯ ಅಧಿಕಾರಿಯೊಬ್ಬರು. ೨೦೧೦ರಿಂದ ಇಲಾಖೆ ಜುಲೈ ೨೪ನ್ನು ತನ್ನ ದಿನವೆಂದು ಆಚರಿಸತೊಡಗಿತು. ವರ್ತಕರ ಸಂಘಗಳು ಅವನನ್ನು ನೆನೆಯುವುದಿಲ್ಲ; ಅದು ಸಹಜ. ಆದರೆ ಅವನ ಬಾಳಿನಿಂದ ಎರಡು ಪಕ್ಷದವರೂ ಕಲಿಯಬೇಕಾದ ಒಂದು ವಿಷಯವಿದೆಯೆಂದು ನನಗೆ ತೋರುತ್ತದೆ. ತೆರು ಎಂದರೆ ಕೊಡು, ಸಲ್ಲಿಸು. ಸಲ್ಲಬೇಕಾದುದು ಇಷ್ಟೆಂದು ಮನಸ್ಸು ಒಪ್ಪಿದಾಗ ಕೊಡುವ ಕೈ ನಡುಗುವುದಿಲ್ಲ. ಕಾನೂನಿನ ಒತ್ತಾಯವಿಲ್ಲದೆ ವಿಲ್ಸನ್ನನು ಹಳೆಯ ಸಾಲವನ್ನು ತುಂಬಿಕೊಟ್ಟುದು ಅಂಥ ಒಪ್ಪಿಗೆಯಿಂದ. ಭಾರತದ ವರ್ತಕನಿಂದ ಅವನು ಲೆಕ್ಕವನ್ನು ಪಡೆದನು, ಒಪ್ಪಿಗೆಯನ್ನು ಕೇಳಲಿಲ್ಲ. ಅವನನ್ನು ಕಳುಹಿಸಿದ ಸಾಮ್ರಾಜ್ಯಕ್ಕೆ ಅದನ್ನು ಕೇಳುವ ಧೈರ್ಯವಿರಲಿಲ್ಲ. ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಬಾರದು, ವಸೂಲು ಮಾಡಬಾರದು ಎಂದು ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ೨೬೫ನೆಯ ವಿಧಿಯಲ್ಲಿ ಕಟ್ಟುಮಾಡಿತು. ಆ ಕಾನೂನನ್ನು ಮಾಡುವವರನ್ನು ಆರಿಸುವ ಹಕ್ಕನ್ನು ತೆರುವವರಿಗೇ ಕೊಟ್ಟಿತು. ವಿಲ್ಸನ್ನನ ಲೆಕ್ಕದಲ್ಲಿ ಖಾಲಿ ಉಳಿದಿದ್ದ ಕಲಮು ತುಂಬಿದುದು ಹೀಗೆ. ಇನ್ನು ಅಂಗಡಿಯ ಕಡತವೂ ಬೊಕ್ಕಸದ ಕಡತವೂ ಒಂದೇ ಪ್ರಾಮಾಣಿಕತೆಯಿಂದ ಬಿಚ್ಚಿಕೊಳ್ಳಬೇಕು. ಒಂದನ್ನು ಮಾತ್ರ ಬಿಚ್ಚಿಸುವ ಕಾಯಿದೆ ಎಷ್ಟು ತಿದ್ದಿದರೂ ವ್ಯಾಜ್ಯವನ್ನೇ ಬೆಳೆಸುತ್ತದೆ.